ಗೋಲಾದಾಗ ನೆಲ ಯಾಕೆ ನಡುಗುತ್ತೆ?

ನಮ್ಮದು ಲಗ್ಗೆರೆಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಶೆಡ್ಡು, ಅದರಲ್ಲಿ ಎರಡು ಪವರ್ ಪ್ರೆಸ್. ಬೆಳಿಗ್ಗೆ ಒಂಬತ್ತಕ್ಕೆ ಅವು ಶುರುವಾದವೆಂದರೆ ಅಡುಗೆಮನೆ ಶೆಲ್ಫಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಹೊಸದಾಗಿ ಬಂದ ನೆಂಟರು ಕಾಫಿ ಕುಡಿಯುತ್ತಿದ್ದವರು ತಟ್ಟನೆ ಸುಮ್ಮನಾಗಿ ನಮ್ಮ ಮುಖ ನೋಡುತ್ತಾರೆ. "ಏನಿಲ್ಲ, ಕೆಳಗೆ ಪ್ರೆಸ್ಸು, ನೀವು ಕುಡೀರಿ" ಅಂತ ಅಮ್ಮ ಸಮಾಧಾನ ಮಾಡುತ್ತಾರೆ. ಹೀಗೆ ನಡುಗುವ ನೆಲದ ಮೇಲೆಯೇ ಕೂತು ಎಸ್ಸೆಸ್ಸೆಲ್ಸಿ, ಪಿಯುಸಿ ಓದಿ ಮುಗಿಸಿದವನು ನಾನು. ಈಗ ಬಿಇ ಮೆಕ್ಯಾನಿಕಲ್ ಮೂರನೇ ವರ್ಷ. ಕಂಪನ ಅನ್ನುವುದು ಸಿಲೆಬಸ್‌ಗೆ ಬರುವ ಮೊದಲೇ ನಮ್ಮ ಮನೆಗೆ ಬಂದಿತ್ತು.

ಆದರೆ ಮೆಷಿನ್ನಿಲ್ಲದೆ, ಬರೀ ಮನುಷ್ಯರ ಕಾಲಿನಿಂದ ಕಾಂಕ್ರೀಟ್ ನಡುಗುವುದನ್ನು ಮೊದಲ ಸಲ ಕಂಡದ್ದು 2024ರ ಡಿಸೆಂಬರ್ 7ರಂದು, ಕಂಠೀರವ ಕ್ರೀಡಾಂಗಣದಲ್ಲಿ. ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ ಐಎಸ್‌ಎಲ್ ಪಂದ್ಯ. "ಕಂಠೀರವಕ್ಕೆ ಹೋಗಿ ಬರ್ತೀನಮ್ಮ" ಅಂದರೆ ಅಮ್ಮ, "ಈ ಹೊತ್ತಲ್ಲಿ ಅಲ್ಲೇನೋ ಕೆಲಸ?" ಅಂದರು. ಅವರ ತಲೆಯಲ್ಲಿದ್ದದ್ದು ನಮ್ಮ ಪಕ್ಕದ ಕಂಠೀರವ ಸ್ಟುಡಿಯೊ, ಅಣ್ಣಾವ್ರ ಸಮಾಧಿ ಇರುವ ಜಾಗ. ಲಗ್ಗೆರೆ, ನಂದಿನಿ ಲೇಔಟ್ ಕಡೆಯವರಿಗೆಲ್ಲ ಕಂಠೀರವ ಅಂದರೆ ಅದೇ. ಕ್ರೀಡಾಂಗಣ ಎಂದು ಬಿಡಿಸಿ ಹೇಳಿ, ಗೊರಗುಂಟೆಪಾಳ್ಯದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದೆವು. ಮೂವರು ಗೆಳೆಯರು, ಒಂದು ಪ್ಯಾಕೆಟ್ ಕಡ್ಲೆಕಾಯಿ.

ಆ ಪಂದ್ಯ ನೋಡಿದವರಿಗೆ ನೆನಪಿರುತ್ತದೆ. 8ನೇ ನಿಮಿಷಕ್ಕೇ ಸುನಿಲ್ ಚೆಟ್ರಿ ಗೋಲು. ಮಧ್ಯಂತರದ ಹೊತ್ತಿಗೆ ನಾವು 2-0. ಆಮೇಲೆ ಬ್ಲಾಸ್ಟರ್ಸ್ ಎರಡು ಹೊಡೆದು ಸಮ ಮಾಡಿದರು. ಚೆಟ್ರಿ ಮತ್ತೆ ಎರಡು ಹೊಡೆದು, 40ರ ವಯಸ್ಸಿನಲ್ಲಿ ಹ್ಯಾಟ್ರಿಕ್ ಮುಗಿಸಿ 4-2 ಮಾಡಿದರು. ಕೊನೆಯದು ಬಂದದ್ದು ಹೆಚ್ಚುವರಿ ಸಮಯದಲ್ಲಿ. ವೆಸ್ಟ್ ಬ್ಲಾಕ್ ಬ್ಲೂಸ್ ಬಳಗದ ಡೋಲು ಪಂದ್ಯ ಮುಗಿಯುವವರೆಗೂ ನಿಂತಿರಲಿಲ್ಲ.

ನಾನು ಮಾತ್ರ ಒಂದು ಕಿತಾಪತಿ ಮಾಡಿದ್ದೆ. ಫೈಫಾಕ್ಸ್ ಅಂತ ಒಂದು ಆ್ಯಪ್ ಇದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಉಚಿತ. ಫೋನಿನೊಳಗಿರುವ ಆ್ಯಕ್ಸೆಲೆರೊಮೀಟರ್ ಏನನ್ನು ಗ್ರಹಿಸುತ್ತಿದೆ ಎಂದು ಗೆರೆ ಹಾಕಿ ತೋರಿಸುತ್ತದೆ. ಅದನ್ನು ಆನ್ ಮಾಡಿ ಫೋನನ್ನು ನನ್ನ ಎರಡು ಶೂಗಳ ನಡುವೆ, ಮೆಟ್ಟಿಲಿನ ಮೇಲೆ ಇಟ್ಟಿದ್ದೆ. ಕೊನೆಯ ಗೋಲಿಗೆ ಫೋನು ಇಟ್ಟ ಜಾಗದಲ್ಲಿರಲಿಲ್ಲ, ಮುಂದಿನ ಸಾಲಿನವರ ಚಪ್ಪಲಿ ಪಕ್ಕ ಸಿಕ್ಕಿತು.

ಮನೆಗೆ ಬಂದು ಗೆರೆ ನೋಡಿದಾಗ ಎರಡು ಬಗೆಯ ಗುರುತುಗಳು ಸ್ಪಷ್ಟವಾಗಿ ಕಂಡವು. ಡೋಲಿನ ತಾಳಕ್ಕೆ ಎಲ್ಲರೂ ಕುಪ್ಪಳಿಸುವಾಗ ಬಾಚಣಿಗೆಯ ಹಲ್ಲಿನಂತೆ ಸಮನಾದ ಏಟುಗಳು, ಸೆಕೆಂಡಿಗೆ ಎರಡರ ಆಸುಪಾಸು. ಗೋಲು ಬಿದ್ದಾಗ ಒಂದು ದೊಡ್ಡ ಏಟು, ಅದರ ಹಿಂದೆ ಸಿಕ್ಕಾಪಟ್ಟೆ ಗೀಚು. ಸಂಭ್ರಮದಿಂದ ನಮ್ಮ ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ ಕೇಳಿದ್ದು ಒಂದೇ ಪ್ರಶ್ನೆ: "ಫೋನ್ ಕೆಳಗೆ ಏನಿತ್ತು?" ಮೆಟ್ಟಿಲು ಸಾರ್ ಅಂದೆ. "ಹಾಗಾದ್ರೆ ನೀನು ಅಳೆದದ್ದು ಮೆಟ್ಟಿಲನ್ನ. ನೆಲಾನ ಅಲ್ಲ."

ಇಲ್ಲಿಂದ ನನಗೆ ನಿದ್ದೆ ಕೆಟ್ಟಿತು.

ಹಾಗಾದರೆ ನಿಜವಾಗಿಯೂ ನೆಲ ನಡುಗುತ್ತದೆಯೇ? ನಡುಗುತ್ತದೆ, ಮತ್ತು ಅದನ್ನು ಅಳೆದವರೂ ಇದ್ದಾರೆ. ಸ್ಪೇನಿನ ಬಾರ್ಸಿಲೋನಾದಲ್ಲಿ ಕ್ಯಾಂಪ್ ನೌ ಕ್ರೀಡಾಂಗಣದಿಂದ ಸುಮಾರು ಅರ್ಧ ಕಿಲೋಮೀಟರ್ ದೂರದ ಭೂವಿಜ್ಞಾನ ಸಂಸ್ಥೆಯಲ್ಲಿ ಒಂದು ಭೂಕಂಪ ಮಾಪಕವಿತ್ತು. 2017ರ ಮಾರ್ಚ್ 8ರಂದು ಬಾರ್ಸಾ ತಂಡ ಪ್ಯಾರಿಸ್ ತಂಡವನ್ನು 6-1ರಿಂದ ಸೋಲಿಸಿದ ರಾತ್ರಿ, 95ನೇ ನಿಮಿಷದ ಆರನೇ ಗೋಲು ಆ ಮಾಪಕದಲ್ಲಿ ಅಚ್ಚೊತ್ತಿದಂತೆ ದಾಖಲಾಯಿತು. ಅಲ್ಲಿನ ವಿಜ್ಞಾನಿಗಳು ಗೆರೆ ನೋಡಿಯೇ ಇದು ಫುಟ್‌ಬಾಲು, ಇದು ಸಂಗೀತ ಕಛೇರಿ ಎಂದು ಹೇಳಬಲ್ಲರು. ಕಛೇರಿಯಲ್ಲಿ ಹಾಡಿನ ಲಯಕ್ಕೆ ತಕ್ಕ ಪಟ್ಟೆಗಳು ಮೂಡುತ್ತವೆ. ಗೋಲಿನಲ್ಲಿ ಎಲ್ಲ ಆವರ್ತನಗಳೂ ಕಲಸುಮೇಲೋಗರ. ನನ್ನ ಬಡಪಾಯಿ ಫೋನು ತೋರಿಸಿದ್ದೂ ಇದನ್ನೇ ಎಂದು ಗೊತ್ತಾದಾಗ ಆದ ಖುಷಿ ಅಷ್ಟಿಷ್ಟಲ್ಲ.

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಈ ಕೆಲಸ ಮಾಡಿದ್ದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಕ್ರೀಡಾಂಗಣದ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಪಕ ಇಟ್ಟರು. 2016ರ ಫೆಬ್ರುವರಿಯಲ್ಲಿ ನಾರ್ವಿಚ್ ವಿರುದ್ಧ ಕೊನೆಯ ನಿಮಿಷಗಳಲ್ಲಿ ಉಯೋವಾ ಹೊಡೆದ ಗೋಲಿಗೆ 0.3 ತೀವ್ರತೆಯ ಕಂಪನ ಸಿಕ್ಕಿತು. ಅದೇ ವರ್ಷ ಲೆಸ್ಟರ್ ಲೀಗ್ ಗೆದ್ದಿತು. ಕ್ಯಾಮರೂನಿನ ಕಥೆ ಇದಕ್ಕಿಂತ ಚೆಂದ. ಭೂಗರ್ಭದ ಅಧ್ಯಯನಕ್ಕೆಂದು ದೇಶದ ತುಂಬ ಇಟ್ಟಿದ್ದ ಮಾಪಕಗಳಲ್ಲಿ 2006ರ ಆಫ್ರಿಕಾ ಕಪ್ ಪಂದ್ಯಗಳ ಗೋಲುಗಳು ದಾಖಲಾದವು. ಪಂದ್ಯ ನಡೆಯುತ್ತಿದ್ದದ್ದು ಈಜಿಪ್ಟಿನಲ್ಲಿ! ಊರೂರಲ್ಲಿ ಟಿ.ವಿ. ಮುಂದೆ ಕೂತವರು ಒಟ್ಟಿಗೆ ಎದ್ದು ಕುಣಿದದ್ದೇ ಸಾಕಾಗಿತ್ತು.

ಪತ್ರಿಕೆಗಳು ಇದನ್ನೆಲ್ಲ "ಗೋಲಿನಿಂದ ಭೂಕಂಪ" ಎಂದು ಬರೆದವು. 2018ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಲೊಸಾನೊ ಗೋಲು ಹೊಡೆದಾಗ ಮೆಕ್ಸಿಕೊ ನಗರದ ಮಾಪಕಗಳು ಅಲುಗಿದ್ದಕ್ಕೂ ಹಾಗೇ ಬರೆದರು. ಮಾಪಕ ಅಲುಗಿದ್ದು ನಿಜ. ಭೂಕಂಪ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಬೇಕಾದರೆ ಲೆಕ್ಕ ಹಾಕೋಣ, ಪಿಯುಸಿ ಫಿಸಿಕ್ಸ್ ಸಾಕು. 60 ಕೆ.ಜಿ. ತೂಕದವನು 10 ಸೆಂ.ಮೀ. ಎತ್ತರಕ್ಕೆ ಕುಪ್ಪಳಿಸಿ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 60 ಜೂಲ್. ಹತ್ತು ಸಾವಿರ ಜನ ಒಮ್ಮೆಗೇ ಇಳಿದರೆ 6 ಲಕ್ಷ ಜೂಲ್. ದೊಡ್ಡದಾಗಿ ಕಾಣುತ್ತದಲ್ಲವೇ? ಎರಡು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಇಡೀ ಗ್ಯಾಲರಿ ಸೇರಿ ಅಮ್ಮನ ಒಂದು ಪಾತ್ರೆ ನೀರು ಕಾಯಿಸಿದಂತೆ. ತೀವ್ರತೆ 2ರ ಭೂಕಂಪ ಬಿಡುಗಡೆ ಮಾಡುವ ಶಕ್ತಿ ಇದರ ನೂರು ಪಟ್ಟು, ಅದನ್ನೂ ಬಹುಪಾಲು ಜನ ಗಮನಿಸುವುದೇ ಇಲ್ಲ. ಇನ್ನು ಕುಪ್ಪಳಿಸಿದ ಶಕ್ತಿಯಲ್ಲಿ ಹೆಚ್ಚಿನದು ಮೊಣಕಾಲಿನಲ್ಲಿ, ಶೂ ಅಟ್ಟೆಯಲ್ಲಿ, ಕಾಂಕ್ರೀಟಿನಲ್ಲಿ ಕರಗಿಹೋಗಿ ಒಂದು ಚೂರು ಮಾತ್ರ ಅಲೆಯಾಗಿ ನೆಲದಲ್ಲಿ ಹೊರಡುತ್ತದೆ.

ಹಾಗಿದ್ದೂ ಅರ್ಧ ಕಿಲೋಮೀಟರ್ ಆಚೆಗೆ ಅದು ಹೇಗೆ ಕಾಣಿಸಿತು? ಇದಕ್ಕೆ ಉತ್ತರ ಕೊಟ್ಟವರು ನಮ್ಮಪ್ಪ.

ಅಪ್ಪ ಇಪ್ಪತ್ತೆರಡು ವರ್ಷದಿಂದ ಪೀಣ್ಯದಲ್ಲಿ ಪ್ರೆಸ್ ಆಪರೇಟರ್. ಎಡಗಿವಿ ಮಂದವಾಗಿದೆ. ಮೆಷಿನ್ ಸರಿ ಇದೆಯೋ ಇಲ್ಲವೋ ಎಂದು ಈಗ ಅವರು ಕೇಳಿ ನೋಡುವುದಿಲ್ಲ, ಅಂಗೈ ಇಟ್ಟು ನೋಡುತ್ತಾರೆ. ನಮ್ಮ ಲೋಟಗಳ ವಿಷಯದಲ್ಲಿ ಒಂದು ವಿಚಿತ್ರ ನನಗೆ ಚಿಕ್ಕಂದಿನಿಂದ ಅರ್ಥವಾಗಿರಲಿಲ್ಲ. ಅವು ಒಂದೇ ಸಮ ಕಿಣಿಗುಡುವುದಿಲ್ಲ. ಸ್ವಲ್ಪ ಹೊತ್ತು ಜೋರು, ಆಮೇಲೆ ತಣ್ಣಗೆ, ಮತ್ತೆ ಜೋರು. ಅಪ್ಪ ಹೇಳಿದರು: "ಕೆಳಗಿರೋದು ಕಾಲಲ್ಲಿ ಒತ್ತೋ ಪ್ರೆಸ್ ಅಲ್ಲ. ಸ್ಟ್ರಿಪ್ ಕೊಟ್ಟರೆ ತಾನೇ ಹೊಡೀತಾ ಇರುತ್ತೆ. ಒಂದು ನಿಮಿಷಕ್ಕೆ ಐವತ್ತು ಹೊಡೆದರೆ ಇನ್ನೊಂದು ನಲವತ್ತೆಂಟು. ಯಾವಾಗ ಎರಡೂ ಏಟು ಒಟ್ಟಿಗೆ ಬೀಳುತ್ತೋ ಆಗ ನಿಮ್ಮಮ್ಮನ ಲೋಟ ಕುಣಿಯುತ್ತೆ." ವಾಚು ಹಿಡಿದು ನೋಡಿದೆ. ನಿಮಿಷಕ್ಕೆ ಎರಡು ಸಲ, ಸರಿಯಾಗಿ.

ಕ್ರೀಡಾಂಗಣದ ಗುಟ್ಟೂ ಇಷ್ಟೇ. ಹತ್ತು ಸಾವಿರ ಜನ ತಮತಮಗೆ ತೋಚಿದಾಗ ಕಾಲು ಕುಟ್ಟಿದರೆ ಒಬ್ಬನ ಏಟನ್ನು ಇನ್ನೊಬ್ಬನದು ಅಳಿಸುತ್ತದೆ. ಕೊನೆಗೆ ಉಳಿಯುವ ಪರಿಣಾಮ ಹತ್ತು ಸಾವಿರದ ವರ್ಗಮೂಲದಷ್ಟು, ಅಂದರೆ ನೂರು ಜನರದ್ದು. ಅದೇ ಹತ್ತು ಸಾವಿರ ಜನ ಒಂದೇ ತಾಳಕ್ಕೆ ಕುಣಿದರೆ ಹತ್ತು ಸಾವಿರವೂ ಕೂಡಿಕೊಳ್ಳುತ್ತದೆ. ಅದೇ ಜನ, ಅದೇ ತೂಕ, ಪರಿಣಾಮ ಮಾತ್ರ ನೂರು ಪಟ್ಟು. ಗೋಲು ಎಲ್ಲರನ್ನೂ ಒಂದೇ ಕ್ಷಣದಲ್ಲಿ ಎಬ್ಬಿಸುತ್ತದೆ. ಡೋಲು ಎಲ್ಲರನ್ನೂ ಒಂದೇ ಲಯದಲ್ಲಿ ಹಿಡಿದಿಡುತ್ತದೆ. ಎರಡರಲ್ಲಿ ಕಟ್ಟಡಕ್ಕೆ ಹೆಚ್ಚು ಅಪಾಯಕಾರಿ ಡೋಲೇ. ಗೋಲಿನ ಏಟು ಒಮ್ಮೆ ಬಿದ್ದು ಚದುರುತ್ತದೆ. ತಾಳವಾದರೋ ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗುತ್ತದೆ. ಮನುಷ್ಯರು ಕುಪ್ಪಳಿಸುವ ವೇಗ ಸೆಕೆಂಡಿಗೆ ಸುಮಾರು ಒಂದೂವರೆಯಿಂದ ಮೂರು ಸಲ. ಕಟ್ಟಡದ ಸಹಜ ಆವರ್ತನ ಇದರ ಹತ್ತಿರವೋ, ಇದರ ಎರಡು ಮೂರು ಪಟ್ಟಿನ ಹತ್ತಿರವೋ ಇದ್ದರೆ ಅನುರಣನ ಶುರು.

ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಅನುರಣನಕ್ಕೆ ಉದಾಹರಣೆ ಕೊಡಿ ಅಂದರೆ ನಾವೆಲ್ಲ ಕಣ್ಣುಮುಚ್ಚಿ ಹೇಳುವುದು 1940ರಲ್ಲಿ ಕುಸಿದ ಅಮೆರಿಕದ ಟಕೋಮಾ ಸೇತುವೆ. ಅದು ಗಾಳಿಯಿಂದ ತನ್ನನ್ನು ತಾನೇ ತಿರುಚಿಕೊಂಡು ಬಿದ್ದ ಸೇತುವೆ, ಸರಳ ಅನುರಣನ ಅಲ್ಲ ಎಂದು ವಿಷಯ ಗೊತ್ತಿದ್ದವರು ತಕ್ಷಣ ತಿದ್ದುತ್ತಾರೆ. ಸೀನಿಯರ್ ಒಬ್ಬ ಹೀಗೇ ತಿದ್ದಿಸಿಕೊಂಡು ಬಂದ. ಅದರ ಬದಲು ದಕ್ಷಿಣ ಕೊರಿಯಾದ ಸೋಲ್ ನಗರದ ಟೆಕ್ನೊಮಾರ್ಟ್ ಕಟ್ಟಡ ಹೇಳಿ. 39 ಅಂತಸ್ತು. 2011ರ ಜುಲೈನಲ್ಲಿ ಹತ್ತು ನಿಮಿಷ ಅಲುಗಾಡಿ ಜನ ಎದ್ದುಬಿದ್ದು ಹೊರಗೆ ಓಡಿದರು. ತನಿಖೆಯಲ್ಲಿ ಸಿಕ್ಕಿಬಿದ್ದ ಅಪರಾಧಿ ಅಲ್ಲಿನ ಜಿಮ್ಮಿನಲ್ಲಿ ಹಾಡಿನ ತಾಳಕ್ಕೆ ವ್ಯಾಯಾಮ ಮಾಡುತ್ತಿದ್ದ ಹದಿನೇಳು ಜನ! ಮತ್ತೆ ಅದೇ ವ್ಯಾಯಾಮ ಮಾಡಿಸಿ ಪರೀಕ್ಷಿಸಿದಾಗ ಕಟ್ಟಡ ಮತ್ತೆ ಅಲುಗಿತು.

ನಮ್ಮ ಭಾರತೀಯ ಮಾನಕ 875ರ ಎರಡನೇ ಭಾಗದಲ್ಲಿ ಜನ ಸೇರುವ ಜಾಗಗಳಿಗೆ ಎಷ್ಟು ಭಾರ ಹಿಡಿದು ವಿನ್ಯಾಸ ಮಾಡಬೇಕು ಎಂದಿದೆ. ನೆಲಕ್ಕೆ ಬಿಗಿದ ಕುರ್ಚಿಗಳಿದ್ದರೆ ಚದರ ಮೀಟರಿಗೆ 4 ಕಿಲೊನ್ಯೂಟನ್, ಇಲ್ಲದಿದ್ದರೆ 5. ಅಂದರೆ ಒಂದು ಚದರ ಮೀಟರಿನಲ್ಲಿ ಆರೇಳು ಜನ ಒತ್ತಿ ನಿಂತರೂ ತಡೆಯಬೇಕು. ತೂಕದ ಲೆಕ್ಕಕ್ಕೆ ಇದು ಧಾರಾಳ. ಆದರೆ ಜನ ತೂಕವಷ್ಟೇ ಅಲ್ಲವಲ್ಲ. 2021ರ ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿ ಗೆದ್ದ ತಂಡದ ಅಭಿಮಾನಿಗಳು ತಾಳಕ್ಕೆ ಕುಣಿಯುತ್ತಿದ್ದಾಗ ಗ್ಯಾಲರಿಯ ಕಾಂಕ್ರೀಟ್ ತುಂಡು ಮಡಚಿಕೊಂಡು ಕೆಳಗೆ ಕುಸಿಯಿತು. ಅಡಿಯಲ್ಲಿ ನಿಂತಿದ್ದ ಒಂದು ಕಂಟೇನರ್ ಅದನ್ನು ಹಿಡಿಯಿತು, ಯಾರಿಗೂ ಏನೂ ಆಗಲಿಲ್ಲ. ಅವರೆಲ್ಲ ಸುಮ್ಮನೆ ಕೂತಿದ್ದರೆ ಅದು ಇನ್ನೂ ಎಷ್ಟು ವರ್ಷ ನಿಲ್ಲುತ್ತಿತ್ತೋ. ತಮಾಷೆಯೆಂದರೆ, ಸುಮ್ಮನೆ ಕೂತ, ಮೊಣಕಾಲು ಸಡಿಲ ಬಿಟ್ಟು ನಿಂತ ಜನ ಕಂಪನವನ್ನು ಹೀರಿಕೊಳ್ಳುತ್ತಾರೆ. ಅಪ್ಪ ಮೆಷಿನ್ ಕೆಳಗೆ ಇಡುವ ರಬ್ಬರ್ ಪ್ಯಾಡ್ ಇದ್ದ ಹಾಗೆ. ಪಂದ್ಯದ ದಿನ ಮಾತಾಡದೆ ಫೋನ್ ನೋಡುತ್ತಾ ಕೂರುವವರ ಮೇಲೆ ನನಗಿದ್ದ ಸಿಟ್ಟು ಇದನ್ನು ಓದಿದ ಮೇಲೆ ಸ್ವಲ್ಪ ಕಡಿಮೆಯಾಯಿತು.

ಮೆಟ್ಟಿಲು ಆಯಿತು. ನೆಲ? ನೆಲದ ಮಾತು ಬಂದರೆ ಬೆಂಗಳೂರಿನವರು ಒಂದು ವಿಷಯ ತಿಳಿದಿರಬೇಕು. ನಾನು ಕೂತಿದ್ದ ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕರಗದ ಆಚರಣೆಗೆಂದು ಪಕ್ಕದಲ್ಲಿ ಉಳಿಸಿಕೊಂಡಿರುವ ಪುಟ್ಟ ಕಲ್ಯಾಣಿಯಷ್ಟೇ ಆ ಕೆರೆಯ ಗುರುತು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣವಿರುವುದು ಶೂಲೆ ಕೆರೆಯ ಜಾಗದಲ್ಲಿ. ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆ. ನಾನು ಮೆಟ್ರೊ ಬದಲಾಯಿಸಿದ ಮೆಜೆಸ್ಟಿಕ್ ಧರ್ಮಾಂಬುಧಿ ಕೆರೆ. ನಮ್ಮೂರಲ್ಲಿ ಆಟ ನೋಡಲು ಹೋಗುವುದೆಂದರೆ ಕೆರೆಗೆ ಇಳಿದಂತೆಯೇ.

ಕೆರೆಯ ತಳದ ಹೂಳು ಮೆದು. ಕಲ್ಲಿನಲ್ಲಿ ಓಡುವ ಅಲೆ ಮೆದುಮಣ್ಣಿಗೆ ಬಂದಾಗ ನಿಧಾನವಾಗುತ್ತದೆ, ನಿಧಾನವಾದಷ್ಟೂ ಎತ್ತರ ಏರುತ್ತದೆ. ಮೆಕ್ಸಿಕೊ ನಗರ ನಿಂತಿರುವುದೂ ಹಳೆಯ ಟೆಕ್ಸ್‌ಕೊಕೊ ಸರೋವರದ ಹೂಳಿನ ಮೇಲೆ. 1985ರಲ್ಲಿ ನೂರಾರು ಕಿಲೋಮೀಟರ್ ದೂರದ ಕರಾವಳಿಯ ಭೂಕಂಪಕ್ಕೆ ಆ ನಗರ ಕುಸಿದುಬಿದ್ದದ್ದು ಇದೇ ಕಾರಣಕ್ಕೆ. ಅದೇ ವರ್ಷ ಜೂನ್‌ನಲ್ಲಿ ಸ್ವೀಡನ್ನಿನ ಗೋಥನ್‌ಬರ್ಗ್‌ನ ಉಲ್ಲೆವಿ ಕ್ರೀಡಾಂಗಣದಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕಛೇರಿ. ಮೈದಾನದ ಅಡಿಯಲ್ಲಿ ಆಳದ ಜೇಡಿಮಣ್ಣು. ಜನ ತಾಳಕ್ಕೆ ಕುಣಿದಾಗ ಆ ಮಣ್ಣು ಬಟ್ಟಲಲ್ಲಿಟ್ಟ ರಾಗಿ ಮಣ್ಣಿಯ ಹಾಗೆ ತುಳುಕಾಡಿ ಕ್ರೀಡಾಂಗಣಕ್ಕೇ ಹಾನಿಯಾಯಿತು. ಆಮೇಲೆ ಅಡಿಪಾಯ ಬಲಪಡಿಸಬೇಕಾಯಿತು. ಇದಕ್ಕೆ ತದ್ವಿರುದ್ಧ ನಮ್ಮ ಗೌರಿಬಿದನೂರು. 1965ರಿಂದ ಅಲ್ಲಿ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಭೂಕಂಪ ಮಾಪಕಗಳ ಸಾಲು ಇದೆ. ಪರಮಾಣು ಶಕ್ತಿ ಇಲಾಖೆಯದು, ದೂರದೇಶದ ಅಣುಸ್ಫೋಟಗಳಿಗೆ ಕಿವಿಗೊಡಲು ಇಟ್ಟದ್ದು. ಆ ಗಟ್ಟಿ ಬಂಡೆಯ ಮೇಲೆ ಗದ್ದಲ ಕಡಿಮೆ. ಅದಕ್ಕೇ ಅಷ್ಟು ದೂರದ ಪಿಸುಮಾತೂ ಕೇಳುತ್ತದೆ.

ಇಷ್ಟು ಬರೆದು ಲೇಖನ ನಿಲ್ಲಿಸಬಹುದಿತ್ತು. ಆದರೆ ನಮ್ಮೂರಲ್ಲಿ ಜನ ಸತ್ತದ್ದು ಗ್ಯಾಲರಿ ನಡುಗಿ ಅಲ್ಲ.

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಾಗ ಲಗ್ಗೆರೆಯಲ್ಲಿ ಪಟಾಕಿ ಸದ್ದು ನಿಂತದ್ದು ಬೆಳಗಿನ ಜಾವಕ್ಕೆ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಸಂಭ್ರಮಕ್ಕೆ ನನ್ನ ಚಿಕ್ಕಮ್ಮನ ಮಗ ಹೋದ. ಆಗಷ್ಟೇ ಪಿಯುಸಿ ಸೇರಿದ್ದ ಹುಡುಗ. ಕ್ರೀಡಾಂಗಣ ಹಿಡಿಸುವುದು ಸುಮಾರು 35 ಸಾವಿರ ಜನರನ್ನು, ಬಂದವರು ಲಕ್ಷಗಟ್ಟಲೆ. ಗೇಟುಗಳ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟರು. ಟಿ.ವಿ.ಯಲ್ಲಿ ಸುದ್ದಿ ಬರುತ್ತಿತ್ತು, ಅವನ ಫೋನು ಸ್ವಿಚ್ ಆಫ್. ಚಿಕ್ಕಮ್ಮ ನಮ್ಮ ಮನೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ರಾತ್ರಿ ಎಂಟೂವರೆಗೆ ಅವನು ಒಂದೇ ಶೂನಲ್ಲಿ ನಡೆದು ಬಂದ.

ಮೂರು ದಿನ ಮಾತಾಡಲಿಲ್ಲ. ಆಮೇಲೆ ನನ್ನ ಹತ್ತಿರ ಹೇಳಿದ: "ಅಣ್ಣ, ನನ್ನ ಕಾಲು ನೆಲದ ಮೇಲೇ ಇರಲಿಲ್ಲ. ಯಾರೂ ತಳ್ತಾ ಇರಲಿಲ್ಲ, ಆದ್ರೂ ಎಡಕ್ಕೆ ಹೋಗ್ತಿದ್ದೆ, ಆಮೇಲೆ ಹಿಂದಕ್ಕೆ, ಮತ್ತೆ ಅಲ್ಲಿಗೇ ಬರ್ತಿದ್ದೆ. ನೀರಲ್ಲಿದ್ದ ಹಾಗೆ."

ನೀರಲ್ಲಿದ್ದ ಹಾಗೆ ಅನ್ನುವುದು ಬರೀ ಹೋಲಿಕೆಯಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಡೆನಿ ಬಾರ್ತೊಲೊ ತಂಡದ ಲೇಖನ ಬಂದಿತ್ತು. ಸ್ಪೇನಿನ ಪಾಂಪ್ಲೊನಾದಲ್ಲಿ ಸಾನ್ ಫರ್ಮಿನ್ ಹಬ್ಬಕ್ಕೆ ಸೇರುವ ಜನಜಂಗುಳಿಯನ್ನು ಮೇಲಿನಿಂದ ಚಿತ್ರೀಕರಿಸಿ ಅವರು ಅಧ್ಯಯನ ಮಾಡಿದ್ದರು. ದಟ್ಟಣೆ ಒಂದು ಮಿತಿ ದಾಟಿದ ಮೇಲೆ ನೂರಾರು ಜನ ಒಂದೇ ಮುದ್ದೆಯಾಗಿ, ಯಾರ ಇಚ್ಛೆಯೂ ಇಲ್ಲದೆ, ಸುಮಾರು 18 ಸೆಕೆಂಡಿಗೊಮ್ಮೆ ಸುತ್ತು ಹಾಕಿದಂತೆ ತೂಗಾಡುತ್ತಾರೆ. 2010ರಲ್ಲಿ ಜರ್ಮನಿಯ ಲವ್ ಪರೇಡ್ ದುರಂತದಲ್ಲಿ 21 ಜನ ಸತ್ತರಲ್ಲ, ಅದರ ದೃಶ್ಯಗಳಲ್ಲೂ ಇದೇ ಚಲನೆ ಕಂಡಿತು. ಮೆಟ್ಟಿಲಿನಲ್ಲಿ ನಾವು ಸೆಕೆಂಡಿಗೆ ಎರಡು ಸಲ ಕುಣಿದು ಕಾಂಕ್ರೀಟನ್ನು ನಡುಗಿಸುತ್ತೇವೆ. ಗೇಟಿನಲ್ಲಿ ಜನವೇ ನೆಲದಂತಾಗಿ ನಡುಗುತ್ತದೆ. ಮೊದಲನೆಯದಕ್ಕೆ ಮಾನಕವಿದೆ, ರಬ್ಬರ್ ಪ್ಯಾಡ್ ಇದೆ. ಎರಡನೆಯದಕ್ಕೆ ಎಷ್ಟು ಜನರನ್ನು ಯಾವ ಗೇಟಿಗೆ ಬಿಡಬೇಕು ಎಂದು ಮೊದಲೇ ಎಣಿಸಿಡುವವರು ಬೇಕು. ಅದೂ ಎಂಜಿನಿಯರಿಂಗೇ. ಆ ತೂಗಾಟ ಕ್ಯಾಮೆರಾಗೆ ಕಾಣುತ್ತದೆ, ದಟ್ಟಣೆ ಅಪಾಯದ ಮಟ್ಟಕ್ಕೆ ಬಂದಿದೆ ಎಂದು ಮುನ್ಸೂಚನೆ ಕೊಡಬಹುದು ಎಂದು ಬಾರ್ತೊಲೊ ತಂಡ ಹೇಳುತ್ತದೆ. ನನ್ನ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಇದನ್ನೇ ಕೇಳಿದ್ದೇನೆ. "ಮೆಕ್ಯಾನಿಕಲ್‌ಗೆ ಇದು ಬರಲ್ಲ" ಅನ್ನುವ ಮಾತು ಬಂದಿದೆ, ಇನ್ನೂ ಒಪ್ಪಿಸುತ್ತಿದ್ದೇನೆ.

ನೀವು ಅಂಥ ಗುಂಪಿನಲ್ಲಿ ಸಿಕ್ಕಿಕೊಂಡರೆ: ಕೈಗಳನ್ನು ಎದೆಯ ಮುಂದೆ ಬಾಕ್ಸರ್ ಹಾಗೆ ಇಟ್ಟುಕೊಳ್ಳಿ, ಉಸಿರಾಡಲು ಜಾಗ ಉಳಿಯುತ್ತದೆ. ತಿರುಗಿ ತಳ್ಳಬೇಡಿ. ಅಲೆ ಹೋದ ಕಡೆ ಹೋಗಿ, ಅದು ತಗ್ಗಿದ ಕ್ಷಣ ಓರೆಯಾಗಿ ಅಂಚಿನ ಕಡೆ ಒಂದೊಂದೇ ಹೆಜ್ಜೆ ಸರಿಯಿರಿ. ಶೂ ಬಿದ್ದರೆ ಬಗ್ಗಬೇಡಿ. ನಮ್ಮ ಹುಡುಗ ಬಗ್ಗಲಿಲ್ಲ.

ಅವನು ಈಗ ಮ್ಯಾಚ್ ನೋಡಲು ಎಲ್ಲಿಗೂ ಹೋಗುವುದಿಲ್ಲ. ಕಳೆದ ಶನಿವಾರ ನಮ್ಮ ಮನೆಗೆ ಬಂದಿದ್ದ. ಕೆಳಗೆ ಪ್ರೆಸ್ ಓಡುತ್ತಿತ್ತು. ಲೋಟಗಳು ಕಿಣಿ ಅಂದ ಕೂಡಲೇ ಬಾಗಿಲ ಚೌಕಟ್ಟು ಹಿಡಿದುಕೊಂಡ. ನಾನು ಫೋನಿನಲ್ಲಿ ಆ್ಯಪ್ ಹಾಕಿ ನೆಲದ ಮೇಲಿಟ್ಟು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅಪ್ಪನೂ ಬಂದು ಅಂಗೈ ಊರಿ ಕೂತರು. ಪರದೆಯ ಮೇಲೆ ಎರಡು ಪ್ರೆಸ್ಸಿನ ಏಟುಗಳು ಬೇರೆ ಬೇರೆಯಾಗಿ ಕಾಣುತ್ತಿದ್ದವು, ಒಂದು ಇನ್ನೊಂದರ ಹತ್ತಿರ ಸರಿಯುತ್ತಾ ಬರುತ್ತಿತ್ತು.

"ಈಗ ಬರುತ್ತೆ ನೋಡು" ಅಂದರು ಅಪ್ಪ, ಪರದೆ ನೋಡದೆಯೇ. ಅವನು ಎಣಿಸತೊಡಗಿದ. ಐದಕ್ಕೆ ಬರುವಷ್ಟರಲ್ಲಿ ಶೆಲ್ಫಿನ ಲೋಟಗಳೆಲ್ಲ ಒಟ್ಟಿಗೆ ಕಿಣಿಗುಟ್ಟಿದವು.